ದಾರಿ ತೋರುವ, ದಿನ ಎಣಿಸದ ವರ್ನಾ

ಬೆಳಗಿನ ಆರೂವರೆ. ಸರೋವರದ ಕಡೆಯಿಂದ ಬೀಸುವ ಗಾಳಿಗೆ ಫೆಡರಲ್ ಕೋರ್ಟಿನ ಧ್ವಜದ ಹಗ್ಗ ಕಂಬಕ್ಕೆ ಟಣಟಣ ಬಡಿಯುತ್ತಿದೆ. ಜಡ್ಜುಗಳು ಇನ್ನೂ ಮನೆಯಲ್ಲಿ ಕಾಫಿ ಹೀರುತ್ತಿರುವ ಹೊತ್ತಿಗೆ ವರ್ನಾ ಹಾಲ್ವರ್ಸನ್ ಹಿಂಬಾಗಿಲಿನಿಂದ ಒಳಬಂದು, ಕೋಟು ತೂಗುಹಾಕಿ, ಜೈಲುಗಳಿಂದ ಬಂದ ಲಕೋಟೆಗಳನ್ನು ಬಿಡಿಸಲು ಕೂತಿದ್ದಾರೆ. ಒಂದು ಅರ್ಜಿ ಪೆನ್ಸಿಲಿನಲ್ಲಿದೆ. ಇನ್ನೊಂದನ್ನು ಯಾರೋ ಊಟದ ಪಟ್ಟಿಯ ಹಿಂಬದಿಯಲ್ಲಿ ಬರೆದಿದ್ದಾರೆ. ವರ್ನಾ ಎರಡಕ್ಕೂ ಒಂದೇ ಮರ್ಯಾದೆ ಕೊಟ್ಟು ತಾರೀಕಿನ ಮೊಹರು ಒತ್ತುತ್ತಾರೆ.

"ಅಕ್ಷರ ಕೋಳಿ ಕೆದರಿದ ಹಾಗಿದೆ ಅಂತ ವಾಪಸ್ ಕಳಿಸೋ ಹಾಗಿಲ್ಲ ಕಣ್ರೀ. ತಗೋಬೇಕು, ದಾಖಲೆಗೆ ಹಾಕಬೇಕು. ಒಳಗೆ ಏನಿದೆ ಅಂತ ನೋಡೋದು ಜಡ್ಜ್ ಕೆಲಸ. ನನ್ನದು ಬಾಗಿಲು ತೆಗೆಯೋದು ಅಷ್ಟೇ."

ವಿಸ್ಕಾನ್ಸಿನ್ನಿನ ಈ ಸಣ್ಣ ಊರಿನ ಕೋರ್ಟಿನಲ್ಲಿ ವರ್ನಾ ಬಾಗಿಲು ತೆಗೆಯಲು ಶುರುಮಾಡಿ ಮೂವತ್ತಮೂರು ವರ್ಷವಾಯಿತು. ಹಾಲಿನ ಲಾರಿ ಓಡಿಸುತ್ತಿದ್ದವರ ಮಗಳು. ಟೈಪಿಸ್ಟ್ ಆಗಿ ಸೇರಿ, ಕಾಗದ ತೆಗೆದುಕೊಳ್ಳುವ ಕಿಟಕಿಗೆ ಬಂದವರು ಅಲ್ಲಿಂದ ಕದಲಿಲ್ಲ. ಈಗ ವಕೀಲರೆಲ್ಲ ಕಂಪ್ಯೂಟರಿನಲ್ಲೇ ಕಳಿಸುತ್ತಾರೆ. ಕಿಟಕಿಯವರೆಗೆ ನಡೆದು ಬರುವವರು ವಕೀಲರಿಲ್ಲದವರು ಮಾತ್ರ. ದಿನಕ್ಕೆ ಇಪ್ಪತ್ತೈದು ಕಾಗದ, ನಲವತ್ತು ಫೋನು. ಆ ನಲವತ್ತರಲ್ಲಿ ಮೂವತ್ತು ಮಂದಿ ಕೇಳುವುದು ಒಂದೇ ಪ್ರಶ್ನೆ: ನಾನು ಗೆಲ್ಲುತ್ತೇನಾ? ಉಳಿದ ಹತ್ತು ಮಂದಿಗೆ ಇಂಥವರೇ ಜಡ್ಜ್ ಆಗಬೇಕು. "ಜಡ್ಜ್ ಯಾರು ಅಂತ ಚೀಟಿ ಎತ್ತೋದು ಕಂಪ್ಯೂಟರು, ಅದಕ್ಕೆ ನನ್ನ ಮೇಲೂ ಪ್ರೀತಿ ಇಲ್ಲ" ಎಂದು ವರ್ನಾ ನಕ್ಕುಬಿಡುತ್ತಾರೆ. ಬೈದು ಹೋದವರಿಗೆ ಲೆಕ್ಕವಿಲ್ಲ. ನಿಂತೂ ನಿಂತೂ ಮಂಡಿ ಎರಡೂ ಸೋತಿವೆ.

ಈ ಕಿಟಕಿಯಲ್ಲಿ ಒಂದು ಕಟ್ಟುಪಾಡಿದೆ. ಕಾಗದ ಹೇಗೆ ಕೊಡಬೇಕು, ಎಲ್ಲಿ ಕೊಡಬೇಕು ಎಂದು ಗುಮಾಸ್ತರು ಹೇಳಬಹುದು. ಕೊಡು ಎಂದಾಗಲಿ, ಬೇಡ ಎಂದಾಗಲಿ ಹೇಳುವಂತಿಲ್ಲ. ಗಡುವು ಯಾವತ್ತಿಗೆ ಮುಗಿಯುತ್ತದೆ ಎಂದು ಎಣಿಸಿಕೊಡುವಂತೆಯೂ ಇಲ್ಲ.

ವರ್ನಾ ಒಂದೇ ಒಂದು ಸಲ ಎಣಿಸಿಕೊಟ್ಟಿದ್ದರು. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಗಂಡನನ್ನು ಕಳೆದುಕೊಂಡ ಒಬ್ಬಾಕೆ ಕಿಟಕಿಯಲ್ಲಿ ಅಳುತ್ತಾ ನಿಂತಿದ್ದಳು. ಮೇಲ್ಮನವಿಗೆ ಅರವತ್ತು ದಿನವಿತ್ತು. ಕರುಳು ಚುರ್ ಎಂದು ವರ್ನಾ ಬಾಯಿಬಿಟ್ಟರು: "ಎರಡು ತಿಂಗಳಿದೆ ಕಣಮ್ಮ, ಗಾಬರಿ ಬೇಡ." ಅದು ಜುಲೈ ತಿಂಗಳು. ಜುಲೈಗೂ ಮೂವತ್ತೊಂದು ದಿನ, ಆಗಸ್ಟಿಗೂ ಮೂವತ್ತೊಂದು. ಆಕೆ ಸರಿಯಾಗಿ ಎರಡು ತಿಂಗಳಿಗೆ ಬಂದಳು, ಅಂದರೆ ಅರವತ್ತೆರಡನೇ ದಿನಕ್ಕೆ. ಮೇಲಿನ ಕೋರ್ಟು ಕೇಸನ್ನು ಕೇಳಲೇ ಇಲ್ಲ.

"ಬೈದಿದ್ರೆ ಎಷ್ಟೋ ಚೆನ್ನಾಗಿರ್ತಿತ್ತು. ಆಕೆ ನನಗೇ ಥ್ಯಾಂಕ್ಸ್ ಹೇಳಿ ಹೋದಳು" ಎನ್ನುವಾಗ ವರ್ನಾ ಮುಖ ಬೇರೆ ಕಡೆ ತಿರುಗಿಸುತ್ತಾರೆ. ಆ ನೋವು ಇವತ್ತಿಗೂ ಹಸಿಯಾಗಿಯೇ ಇದೆ.

ಹಾಗಾಗಿ ಕಳೆದ ಸೆಪ್ಟೆಂಬರ್ ಹನ್ನೆರಡರ ಶುಕ್ರವಾರ ಡ್ವೇನ್ ಸ್ಕೂಗ್ ಬಂದಾಗ ವರ್ನಾಗೆ ಮೊದಲು ನೆನಪಾದದ್ದು ಆಕೆಯೇ. ಸ್ಕೂಗ್ ಚೀಸ್ ಕಾರ್ಖಾನೆಯಲ್ಲಿ ಬೆನ್ನು ಮುರಿದುಕೊಂಡವರು. ಅಂಗವಿಕಲರಿಗೆ ಸಿಗುವ ಪಿಂಚಣಿಯನ್ನು ಸರ್ಕಾರ ಕೊಡುವುದಿಲ್ಲ ಎಂದಿತ್ತು, ಇಲ್ಲಿನ ಜಡ್ಜ್ ಸರ್ಕಾರದ ಮಾತೇ ಸರಿ ಎಂದಿದ್ದರು. ಇನ್ನು ಉಳಿದದ್ದು ಮೇಲ್ಮನವಿ ಕೇಳುವ ಶಿಕಾಗೋ ಕೋರ್ಟಿನ ಮೂವರು ಜಡ್ಜುಗಳು. ಅವರ ಮೇಲೆ ವಾಷಿಂಗ್ಟನ್ನಿನ ಸರ್ವೋಚ್ಚ ಕೋರ್ಟಿನಲ್ಲಿ ಒಂಬತ್ತು ಮಂದಿ ಇದ್ದಾರೆ ನಿಜ, ಆದರೆ ಅವರು ಬೇಕೆನಿಸಿದ ಕೇಸಿಗಷ್ಟೇ ಬಾಗಿಲು ತೆಗೆಯುವವರು. ಸ್ಕೂಗರ ಪಾಲಿಗೆ ಶಿಕಾಗೋವೇ ಕೊನೆ.

ಗಂಟೆ ನಾಲ್ಕು ಹೊಡೆದಿತ್ತು. ನಾಲ್ಕೂವರೆಗೆ ಕಿಟಕಿ ಮುಚ್ಚಬೇಕು. ಬಾಗಿಲ ಕಾವಲಿನ ಮಿಲ್ಟ್, ನಿವೃತ್ತ ಪೊಲೀಸ್, ಆಗಲೇ ಕೂಗಲು ಶುರುಮಾಡಿದ್ದ: "ವರ್ನಾ, ಇವತ್ತು ಶುಕ್ರವಾರ! ತಡ ಮಾಡಿದ್ರೆ ಕರಿದ ಮೀನೆಲ್ಲಾ ಲುಥೆರನ್ ಚರ್ಚಿನವರ ಪಾಲು!" ಶುಕ್ರವಾರ ಸಂಜೆ ಊರೆಲ್ಲ ಸೇರಿ ಕರಿದ ಮೀನು ತಿನ್ನುವುದು ಇಲ್ಲಿನ ರೂಢಿ.

"ಮೇಡಂ, ಶಿಕಾಗೋ ಕೋರ್ಟಿನ ಅಡ್ರೆಸ್ ಕೊಡಿ. ಸೋಮವಾರ ಭಾವಮೈದನ ಕಾರಲ್ಲಿ ಹೋಗಿ ಮನವಿ ಕೊಟ್ಟು ಬರ್ತೀನಿ" ಎಂದರು ಸ್ಕೂಗ್.

"ಅಡ್ರೆಸ್ ಕೊಡ್ತೀನಿ. ಆದ್ರೆ ಸ್ಕೂಗ್ ಅವರೇ, ಮೇಲ್ಮನವಿ ನೋಟಿಸ್ ಕೊಡೋ ಜಾಗ ಇದೇ ಕಿಟಕಿ."

ಸ್ಕೂಗ್ ಕಣ್ಣು ಕಿರಿದು ಮಾಡಿದರು. "ಇಲ್ಲಿನ ಜಡ್ಜ್ ಮೇಲಿನ ದೂರನ್ನ ಇಲ್ಲಿನ ಜಡ್ಜ್ ಮನೆ ಬಾಗಿಲಲ್ಲೇ ಕೊಡೋದಾ? ಕಸದ ಬುಟ್ಟಿಗೆ ಹಾಕೋಕಾ? ನನ್ನ ಬೆನ್ನು ಹೋಗಿದೆ ಮೇಡಂ, ತಲೆ ಹೋಗಿಲ್ಲ."

ಅನುಮಾನ ಪಡುವುದರಲ್ಲಿ ತಪ್ಪೇನಿದೆ? ಯಾರಿಗಾದರೂ ಹಾಗೆಯೇ ಅನಿಸುತ್ತದೆ. ವರ್ನಾ ನಿಯಮದ ಪುಸ್ತಕ ತೆಗೆದು ಅವರ ಕಡೆ ತಿರುಗಿಸಿದರು. "ನನ್ನ ಮಾತು ನಂಬಬೇಡಿ. ಇದನ್ನ ಓದಿ. ಜೋರಾಗಿ ಓದಿ."

ಸ್ಕೂಗ್ ಓದಿದರು. ನೋಟಿಸನ್ನು ತೀರ್ಪು ಕೊಟ್ಟ ಕೋರ್ಟಿನ ಗುಮಾಸ್ತರಿಗೇ ಕೊಡಬೇಕು. ಎದುರಾಳಿ ಸರ್ಕಾರವಾದರೆ, ತೀರ್ಪು ದಾಖಲೆಗೆ ಸೇರಿದಾಗಿನಿಂದ ಅರವತ್ತು ದಿನದೊಳಗೆ. "ಸರಿ, ಕಾಗದ ನನಗೆ ತಲುಪಿದ್ದು ಜುಲೈ ಹದಿನೇಳು. ಅರವತ್ತು ಅಂದ್ರೆ ಸೋಮವಾರವೇ ಆಯ್ತಲ್ಲ."

ವರ್ನಾಗೆ ಉತ್ತರ ನಾಲಿಗೆಯ ತುದಿಯಲ್ಲಿತ್ತು. ಒಂದು ಮಾತು ಹೇಳಿದರೆ ಆ ಮನುಷ್ಯನ ಉಳಿದ ಬದುಕು ಉಳಿಯುತ್ತಿತ್ತು. ಆದರೆ ಆ ಮಾತು ಹೇಳುವಂತಿರಲಿಲ್ಲ. "ನಿಮ್ಮ ಕೇಸಿನ ದಾಖಲೆ ಯಾರು ಬೇಕಾದ್ರೂ ನೋಡಬಹುದು" ಎಂದು ಕಂಪ್ಯೂಟರಿನ ಪರದೆಯನ್ನು ಅವರತ್ತ ತಿರುಗಿಸಿದರು. ತೀರ್ಪು ದಾಖಲಾದದ್ದು ಜುಲೈ ಹದಿನಾಲ್ಕು. ಆಮೇಲೆ ಗೋಡೆಯ ಕ್ಯಾಲೆಂಡರ್ ಬಿಚ್ಚಿ ಕಟ್ಟೆಯ ಮೇಲಿಟ್ಟು, ಮೇಲೊಂದು ಪೆನ್ಸಿಲ್ ಇಟ್ಟರು.

"ಎಣಿಸಿಬಿಡಿ ಮೇಡಂ, ನೀವು ದಿನಾ ಮಾಡೋ ಕೆಲಸ ತಾನೇ."

"ಅದೊಂದು ಮಾತ್ರ ನನ್ನಿಂದ ಆಗಲ್ಲ. ನೀವು ಎಣಿಸಿ. ನಾನು ಎಲ್ಲೂ ಹೋಗಲ್ಲ."

ಸ್ಕೂಗ್ ಗೊಣಗುತ್ತಲೇ ಒಂದೊಂದು ಚೌಕಕ್ಕೂ ಚುಕ್ಕೆ ಇಟ್ಟರು. ನಲವತ್ತರ ಹತ್ತಿರ ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ ಶುರುಮಾಡಿದರು. ಮಿಲ್ಟ್ ಮೀನಿನ ಮಾತು ನಿಲ್ಲಿಸಿ ಹತ್ತಿರ ಬಂದು ನಿಂತ. ಅರವತ್ತನೇ ಚುಕ್ಕೆ ಬಿದ್ದ ಚೌಕದ ತಾರೀಕನ್ನು ಸ್ಕೂಗ್ ಬೆರಳಿಟ್ಟು ಓದಿದರು. ಗಡಿಯಾರ ನಾಲ್ಕು ಹದಿನೆಂಟು ತೋರಿಸುತ್ತಿತ್ತು.

"ಅಯ್ಯೋ ದೇವರೇ. ಇವತ್ತೇ!"

"ಫಾರಂ ಒಂದೇ ಪುಟ. ಬರೀಬೇಕು ಅನ್ನಿಸಿದ್ರೆ ಪೆನ್ ಇಲ್ಲಿದೆ."

"ಶುಲ್ಕ ತಂದಿಲ್ವಲ್ಲ ಮೇಡಂ!"

"ಕಾಗದ ಮೊದಲು, ಶುಲ್ಕ ಆಮೇಲೆ. ಅದೂ ನಿಯಮದಲ್ಲೇ ಇದೆ."

ನಾಲ್ಕು ಇಪ್ಪತ್ತಾರಕ್ಕೆ ಮೊಹರು ಬಿತ್ತು. ಸ್ಕೂಗ್ ಟೋಪಿಯನ್ನು ಕಟ್ಟೆಯ ಮೇಲೇ ಮರೆತು ಹೊರಟರು. ಮಿಲ್ಟನೇ ಅದನ್ನು ಅವರ ತಲೆಗೆ ಹಾಕಿ, ಬಾಗಿಲವರೆಗೆ ತೋಳು ಹಿಡಿದು ಕರೆದೊಯ್ದ.

ಈ ಮೇ ತಿಂಗಳು ಶಿಕಾಗೋದಿಂದ ತೀರ್ಪು ಬಂತು. ವೈದ್ಯರ ವರದಿಯನ್ನು ಸರಿಯಾಗಿ ನೋಡಿಲ್ಲ, ಪಿಂಚಣಿಯ ಅರ್ಜಿಯನ್ನು ಇನ್ನೊಮ್ಮೆ ಪರಿಶೀಲಿಸಬೇಕು ಎಂದು ಮೂವರೂ ಒಮ್ಮತದಿಂದ ಹೇಳಿದ್ದರು. ಅದನ್ನು ದಾಖಲೆಗೆ ಸೇರಿಸುವ ಸರದಿ ವರ್ನಾ ಅವರದೇ ಆಗಿತ್ತು. ಮೇಲಿನ ಮಹಡಿಯ ಜಡ್ಜ್ ತಮ್ಮ ತೀರ್ಪು ರದ್ದಾದದ್ದನ್ನು ಓದಿ, ಬೇಸರವಿಲ್ಲದೆ, "ಇರಲಿ, ಇದಕ್ಕೇ ಅಲ್ಲವೇ ಅವರಿರೋದು" ಎಂದರಂತೆ.

ವರ್ನಾ ಅದರ ಒಂದು ಪ್ರತಿಯನ್ನು ಡ್ರಾಯರಿನಲ್ಲಿ ಇಟ್ಟುಕೊಂಡಿದ್ದಾರೆ. ತೆಗೆದು ತೋರಿಸುವುದು ಮೊದಲ ಪುಟವನ್ನು. ಅಲ್ಲಿ ಎರಡನೇ ಪ್ಯಾರಾದಲ್ಲಿ, ಯಾವ ವಕೀಲನೂ ನಿಂತು ಓದದ ಒಂದು ಒಣ ವಾಕ್ಯವಿದೆ: ಮೇಲ್ಮನವಿ ಅವಧಿಯೊಳಗೆ ಸಲ್ಲಿಕೆಯಾಗಿದೆ.

"ಎಲ್ಲರೂ ಕೊನೇ ಪುಟ ಓದ್ತಾರೆ" ಎನ್ನುತ್ತಾ ಆ ಸಾಲಿನ ಕೆಳಗೆ ಉಗುರು ಎಳೆಯುತ್ತಾರೆ ವರ್ನಾ. "ನಾನು ಇದನ್ನ ಓದ್ತೀನಿ."