ಚಿಂದಿ ಕಟ್ಟಿದ ಕುಸುಬಿ

ಕಂದಲಗಾಂವದ ಹತ್ತಿರ ಕುಸುಬಿಯ ಹೊಸ ತಳಿ ಬೆಳೆಸುವ ಹೊಲದಲ್ಲಿ ನಾನು ಕೆಲಸಕ್ಕಿದ್ದೇನೆ. ಶಾಲೆ ಅರ್ಧಕ್ಕೇ ಬಿಟ್ಟವನು. ಸಸಿಯ ಎಲೆಯಿಂದ ಒಂದು ಚೂರು ಕತ್ತರಿಸಿ, ನಂಬರು ಬರೆದ ಕೊಳವೆಗೆ ಹಾಕಿ, ಸೊಲ್ಲಾಪುರದ ಲ್ಯಾಬಿಗೆ ಮುಟ್ಟಿಸುವುದು ನನ್ನ ಕೆಲಸ. ಆ ಚೂರಿನ ಡಿಎನ್‌ಎ ನೋಡಿ, ಯಾವ ಗಿಡಕ್ಕೆ ಮುಳ್ಳು ಬರುವುದಿಲ್ಲ, ಯಾವುದರ ಬೀಜದಲ್ಲಿ ಎಣ್ಣೆ ಹೆಚ್ಚಿರಬಹುದು ಎಂದು ಈ ತಳಿಯ ಕೆಲಸ ನಡೆಸುವ ಮ್ಯಾಡಮ್ ಅಂದಾಜು ಹಾಕುತ್ತಾರೆ. ಮೊದಲಾದರೆ ಬೀಜ ಕಟ್ಟುವ ತನಕ ಕಾಯಬೇಕಿತ್ತು. ಈಗ ಗಿಡ ಪಲ್ಯಕ್ಕೆ ಬರುವಷ್ಟು ಇರುವಾಗಲೇ ಗೊತ್ತಾಗುತ್ತದೆ.

ಮ್ಯಾಡಮ್ ಅಕ್ಕಲಕೋಟೆಯ ಕಿರಾಣಿ ವ್ಯಾಪಾರದ ಮನೆಯವರು. ಮುಳ್ಳಿಲ್ಲದ, ಎಣ್ಣೆಯೂ ಹೆಚ್ಚಿರುವ ಗಿಡ ಅವರಿಗೆ ಬೇಕಿತ್ತು. ಸಿಕ್ಕರೆ ಕೊಯ್ಲಿನ ಹೆಂಗಸರ ಕೈ ಉಳಿಯುತ್ತದೆ. ಅವರಲ್ಲಿ ನನ್ನ ಚಿಗವ್ವನೂ ಒಬ್ಬಳು. ಕೈಗೆ ಬಟ್ಟೆ ಸುತ್ತಿಕೊಂಡರೂ ಅವಳ ಬೆರಳಿಂದ ರಕ್ತ ಬರುತ್ತದೆ.

ಅವತ್ತು ನಾನು ಮಂಗಳವೇಢೆಗೆ ಹೋಗಿದ್ದೆ. ಲ್ಯಾಬಿನ ಫಲಿತಾಂಶ ಬಂದಿತ್ತು. ಬೇಡವಾದ ಸಸಿ ಕಡಿಮೆ ಇದ್ದವು. ಮ್ಯಾಡಮ್ ಸೊಲ್ಲಾಪುರದ ನವಿ ಪೇಠದಿಂದ ತಂದ ಕೆಂಪು ಚಿಂದಿಯನ್ನು ಅವಕ್ಕೆ ಕಟ್ಟಿ, "ಬ್ಯಾಡಾದ್ದು ಕಿತ್ತ ಬಿಡ್ರಿ" ಎಂದು ಕಳೆಗೆ ಬಂದ ಅದೇ ಹೆಂಗಸರಿಗೆ ಹೇಳಿ ಹೋದರು.

ನಮ್ಮ ಕಡೆ ಚಿಂದಿ ಕಟ್ಟಿದ ಹೀರೇಕಾಯಿಯನ್ನು ಯಾರೂ ಹರಿಯುವುದಿಲ್ಲ. ಅದು ಬೀಜಕ್ಕೆ ಬಿಟ್ಟದ್ದು. ಹೆಂಗಸರು ಚಿಂದಿ ಇದ್ದದ್ದನ್ನು ಬಿಟ್ಟು, ಇಲ್ಲದ್ದನ್ನು ಕಿತ್ತರು. ಎಳೆ ಕುಸುಬಿ ಪಲ್ಯಕ್ಕೆ ಚಲೋ. ಉಡಿ ತುಂಬಿಕೊಂಡು ಮನೆಗೆ ಹೋದರು.

ಮರುದಿನ ನಾನು ಬಂದಾಗ ಮ್ಯಾಡಮ್ ಸಾಲಿನ ನಡುವೆ ನಿಂತಿದ್ದರು.

"ಕೆಂಪು ಕಟ್ಟಿದ್ದು ಕೀಳೂದಿತ್ತು, ಮಾವಶಿ!" ಎಂದರು ಚಿಗವ್ವನಿಗೆ.

"ಚಿಂದಿ ಕಟ್ಟಿದ್ದು ಯಾರ ಕೀಳ್ತಾರ್ರಿ ಬಾಯಾರ? ಬೀಜದ್ದದು," ಎಂದಳು ಚಿಗವ್ವ. "ನಿಮ್ಮ ಮನ್ಯಾಗ ಬಳ್ಳಿ ಹಚ್ಚಿಲ್ಲೇನು?"

"ನಮ್ಮ ಮನಿಗೆ ಕಾಯಿಪಲ್ಲೆ ಪ್ಯಾಟಿಯಿಂದ ಬರ್ತದ."

"ಹಂಗಂದ್ರ ಮುಗೀತು!" ಎಂದು ಹಿಂದೆ ಒಬ್ಬಳು ಕಿಸಕ್ಕನೆ ನಕ್ಕಳು.

"ಕಿತ್ತಿದ್ದು ಎಲ್ಲಿ ಅದಾವು?"

"ಉಂಡೇವಲ್ರಿ. ಬಳ್ಳೊಳ್ಳಿ ಹಾಕಿ ಮಾಡಿದ್ದೆ."

ನಾನು ಕೇಳಿದೆ, "ಲ್ಯಾಬಿನ್ಯಾಗ ಎಲಿ ಚೂರು ಅದಾವಲ್ರಿ?"

"ಅದರಾಗ ಮಾಹಿತಿ ಸಿಗ್ತದ, ತಮ್ಮಾ. ಗಿಡ ಹುಟ್ಟಂಗಿಲ್ಲ."

ಬೇಗ ಆಗಲಿ ಎಂದು ಹಿಡಿದ ಕೆಲಸ ಒಂದು ವರ್ಷ ಹಿಂದೆ ಬೀಳುವುದರಲ್ಲಿತ್ತು. ಸಾಲಿನ ಕೊನೆಗೆ ಮಾತ್ರ ಬೇಕಾದ ಸಸಿ ಕೆಲವು ಉಳಿದಿದ್ದವು. ಉಡಿ ತುಂಬಿತೆಂದು ಹೆಂಗಸರು ಅವನ್ನು ಬಿಟ್ಟಿದ್ದರು. ಮ್ಯಾಡಮ್ ಚಿಂದಿಗಳನ್ನೆಲ್ಲ ಬಿಚ್ಚಿದರು. ಬೇಡವಾದವನ್ನು ನಾನು ಕಿತ್ತೆ.

ಕೊಯ್ಲಿನ ಹೊತ್ತಿಗೆ ಉಳಿಸಿಕೊಂಡ ಆ ಗಿಡಗಳು ಬೀಜ ಕಟ್ಟಿ ಒಣಗಿ ನಿಂತವು. ಚಿಗವ್ವ ಕೈಗೆ ಸುತ್ತಿದ ಬಟ್ಟೆ ಬಿಚ್ಚಿ, ಬರಿಗೈಯಲ್ಲಿ ಒಂದನ್ನು ಹಿಡಿದಳು.

"ಚುಚ್ಚವಲ್ದು," ಎಂದಳು. "ಎಣ್ಣಿ?"

"ಅದನ್ನ ಇನ್ನ ನೋಡ್ಬೇಕು," ಎಂದರು ಮ್ಯಾಡಮ್.

ಚಿಗವ್ವ ಕೈಬಟ್ಟೆಯ ಅಂಚು ಹರಿದು ಆ ಗಿಡಕ್ಕೆ ಕಟ್ಟಿದಳು. ಮ್ಯಾಡಮ್ ಮುಂದಿನ ಗಿಡದ ಹತ್ತಿರ ಹೋಗಿ, ಇನ್ನೊಂದು ಚಿಂದಿಗಾಗಿ ಚಿಗವ್ವನತ್ತ ಕೈ ಚಾಚಿದರು.