ಸೋನಾಳ ಕೊರಳಲ್ಲಿ ಅತ್ತೆಯ ಮೊಣಕಾಲು

ನನ್ನ ಗಂಡ ನಾಯಿಯ ಕಾಲು ತೊಳೆಯುವುದನ್ನು ನೋಡಿದಾಗಲೆಲ್ಲ ನನಗೆ ನಮ್ಮ ಮದುವೆ ನೆನಪಾಗುತ್ತದೆ. ಅಂದು ನಮ್ಮಪ್ಪ ಇದೇ ಮನುಷ್ಯನ ಪಾದಗಳನ್ನು ತಟ್ಟೆಯಲ್ಲಿಟ್ಟು, ಬೆರಳ ಸಂದಿಯನ್ನೂ ಬಿಡದೆ ಭಕ್ತಿಯಿಂದ ತೊಳೆದಿದ್ದರು. ಆ ಭಕ್ತಿ ಇವರ ಪಾದದಿಂದ ಮೇಲೇರಿ ಎಲ್ಲೋ ಒಳಗೆ ಉಳಿದುಕೊಂಡಿರಬೇಕು. ಈಗ ಉಗುರುಬೆಚ್ಚಗಿನ ನೀರಿಗೆ ಉಪ್ಪು ಹಾಕಿ, ಬೋಗುಣಿಯ ಮುಂದೆ ಕುಕ್ಕರಗಾಲಲ್ಲಿ ಕೂತು, "ಬಾ ನಮ್ಮವ್ವ, ಇದೊಂದು ಸಲ ಬಾ" ಎಂದು ಸೋನಾಳನ್ನು ಕರೆಯುತ್ತಾರೆ. ನನ್ನನ್ನು ಇಷ್ಟು ಮೆತ್ತಗೆ ಕರೆದದ್ದು ಯಾವಾಗ ಎಂದು ನೆನಪಿಸಿಕೊಳ್ಳಲು ಹೋಗಿ, ಒಲೆಯ ಮೇಲಿನ ಹಾಲು ಉಕ್ಕಿಸಿದ್ದೇನೆ.

ಸೋನಾ ನಮ್ಮ ನಾಯಿ. ನಮ್ಮ ಗಂಗಾವತಿಯಲ್ಲಿ ಆ ಹೆಸರು ಮೊದಲು ಅಕ್ಕಿಗೆ ಸೇರಿದ್ದು. ಖಾಲಿಯಾದ ಸೋನಾ ಮಸೂರಿ ಚೀಲದೊಳಗೆ ಮಲಗಿದ್ದ ಮರಿಯನ್ನು ಇವರು ಚೀಲದ ಸಮೇತ ತಂದರು. ಚೀಲ ಹರಿದುಹೋಯಿತು, ಹೆಸರು ಉಳಿಯಿತು. ಹತ್ತಿರದ ಮರಳಿ ಎಂಬ ಊರಿನಲ್ಲಿ ನಮ್ಮದೊಂದು ತುಂಡು ಗದ್ದೆ ಇದೆ. ಇವರು ಅಲ್ಲಿಗೆ ಹೊರಟರೆ ಸೋನಾ ಸ್ಕೂಟರಿನಲ್ಲಿ ಇವರ ಕಾಲ ಬಳಿ ನಿಂತು, ಊರನ್ನು ತಪಾಸಣೆ ಮಾಡುವ ಅಧಿಕಾರಿಯಂತೆ ಎಡಬಲ ನೋಡುತ್ತ ಹೋಗುತ್ತಾಳೆ. ಮಷಿನ್ ಬಂದು ಭತ್ತ ಕೊಯ್ದ ಮೇಲೆ ಗದ್ದೆಯಲ್ಲಿ ಉಳಿಯುವ ಕೂಳೆಗಳು ಓರೆಯಾಗಿ ಚೂಪಾಗಿ ನಿಂತಿರುತ್ತವೆ. ಮೊನ್ನೆ ಕೊಯ್ಲಾದ ಮೇಲೆ ಅಲ್ಲಿ ಇಲಿಯನ್ನು ಅಟ್ಟಿಸಿಕೊಂಡು ಹೋದವಳು ಮೂರು ಕಾಲಿನಲ್ಲಿ ಹಿಂದಿರುಗಿದಳು. ಇಲಿಗೆ ಏನೂ ಆಗಿರಲಿಲ್ಲ.

ನಾಯಿಯ ಕಾಲಿನ ಬಗ್ಗೆ ನಮ್ಮವರು ಹೆಚ್ಚು ತಲೆ ಕೆಡಿಸಿಕೊಂಡಂತಿಲ್ಲ. ಹುಲಿಗಾದರೆ ಪಂಜ ಎನ್ನುತ್ತೇವೆ. ದೇವರಿಗೆ ಪಾದ, ಗುರುಗಳಿಗೂ ಪಾದ, ರಾಜಕಾರಣಿಗೂ ಚುನಾವಣೆ ಗೆದ್ದರೆ ಪಾದ. ದಿನವಿಡೀ ನಮ್ಮ ಹಿಂದೆ ಬರಿಗಾಲಲ್ಲಿ ಓಡುವ ನಾಯಿಗೆ ಮಾತ್ರ ಬರೀ ಕಾಲು. ಆ ಕಾಲನ್ನು ನಾನು ಜೀವನದಲ್ಲಿ ಮೊದಲ ಬಾರಿಗೆ ಮಗುಚಿ ನೋಡಿದ್ದು ಅಂದೇ. ನಾಲ್ಕು ಸಣ್ಣ ದಿಂಬು, ನಡುವೆ ಒಂದು ದೊಡ್ಡ ದಿಂಬು, ಸಂದಿಗಳಲ್ಲಿ ಮರಳಿಯ ಅರ್ಧ ಗದ್ದೆ. ಕೆಸರು ತೊಳೆದಾಗ ದೊಡ್ಡ ದಿಂಬಿನಲ್ಲಿ ಚುಚ್ಚಿಕೊಂಡಿದ್ದ ಕೂಳೆಯ ಚೂರು ಕಂಡಿತು. ಇವರು ಸೋನಾಳ ತಲೆ ಹಿಡಿದುಕೊಂಡರು, ನಾನು ಚಿಮಟಿಗೆಯಿಂದ ಎಳೆದೆ. ಚೀರಿದ್ದು ಇವರು.

ಓಣಿಯವರು ಕೂಡಲೇ ವೈದ್ಯರಾದರು. ಒಬ್ಬರು ಅರಿಷಿಣ ಎಂದರು, ಒಬ್ಬರು ಸುಣ್ಣ ಎಂದರು, ಟ್ರ್ಯಾಕ್ಟರ್ ಇಟ್ಟವರು ಸುಟ್ಟ ಇಂಜಿನ್ ಆಯಿಲ್ ಎಂದರು. ಸುಣ್ಣ ಮತ್ತು ಆಯಿಲನ್ನು ಮೊದಲು ನಿಮ್ಮ ಕಾಲಿಗೆ ಹಚ್ಚಿಕೊಂಡು ನೋಡಿ ಎಂದು ನಾನು ಹೇಳಿದ್ದಕ್ಕೆ ಒಂದಿಬ್ಬರು ಮಾತು ಬಿಟ್ಟಿದ್ದಾರೆ. ಪಶು ಡಾಕ್ಟರು ಫೋನಿನಲ್ಲೇ ಎಲ್ಲ ಕೇಳಿದರು. ರಕ್ತ ನಿಂತಿದೆ, ಒಳಗೆ ಚೂರು ಉಳಿದಿಲ್ಲ ಎಂದಮೇಲೆ ಮನೆಯಲ್ಲೇ ತೊಳೆದು, ಒರೆಸಿ, ಒಣಗಿಸಿ, ಮುಲಾಮು ಹಚ್ಚಿ. ಬಾವು ಬಂದರೆ ಕರೆತನ್ನಿ. ನೀವು ನುಂಗುವ ನೋವಿನ ಗುಳಿಗೆಯನ್ನು ಮಾತ್ರ ಅದಕ್ಕೆ ಕೊಡಬೇಡಿ ಎಂದರು. ಫೋನ್ ಇಡುವ ಮುನ್ನ, "ಹಾಂ, ಗಾಯ ನೆಕ್ಕಾಕ ಬಿಡಬ್ಯಾಡ್ರಿ" ಎಂದರು. ಹಾಲಿನ ಪಾತ್ರೆ ಮುಚ್ಚಿಡಿ ಎನ್ನುವಷ್ಟು ಹಗುರವಾಗಿ.

ನೆಕ್ಕಲು ಬಿಡದಿರುವುದು! ಸೋನಾಳಿಗೆ ಆ ಗಾಯ ಸಿಕ್ಕ ಮೇಲೆ ಬೇರೆ ಕೆಲಸವೇ ಇರಲಿಲ್ಲ. ಊಟ ಮಾಡಿ ನೆಕ್ಕುವಳು, ನೆಕ್ಕಿ ದಣಿದು ಮಲಗುವಳು, ಎದ್ದು ಗಾಯ ಅಲ್ಲೇ ಇದೆಯೇ ಎಂದು ನೋಡಿ ಮತ್ತೆ ನೆಕ್ಕುವಳು. ಮುಲಾಮನ್ನು ಜಾಮೂನಿನ ಪಾಕದಂತೆ ಚಪ್ಪರಿಸಿದಳು. ಇವರು ತಮ್ಮ ಕಾಲುಚೀಲ ತೊಡಿಸಿದರು, ಅದನ್ನು ತಿಂದಳು. ಹಾಗಲಕಾಯಿ ರಸ ಬಳಿದು ನೋಡಿದೆ. ನಮ್ಮ ಮನೆಯಲ್ಲಿ ಹಾಗಲಕಾಯಿಯನ್ನು ಇಷ್ಟಪಡುವ ಜೀವ ಒಂದಿದೆ ಎಂದು ತಿಳಿಯಿತು. ಗಾಯ ಮಾತ್ರ ದಿನದಿಂದ ದಿನಕ್ಕೆ ಒದ್ದೆಯಾಗಿ ಕೆಂಪಾಗುತ್ತ ಬಂತು. ಕೊನೆಗೆ ಇವರು ಮೊಬೈಲಿನಲ್ಲಿ ಕೊರಳಪಟ್ಟಿಯೊಂದನ್ನು ಕಂಡರು. ನಾಯಿಯ ಕೊರಳ ಸುತ್ತ ಹಳೆಯ ಗ್ರಾಮಾಫೋನಿನ ಕೊಂಬಿನಂಥದ್ದು; ಅದಿದ್ದರೆ ಬಾಯಿ ಕಾಲಿಗೆ ಮುಟ್ಟುವುದಿಲ್ಲ. "ಬಗ್ಗಬೇಕು, ಆದ್ರ ಗಟ್ಟಿ ಇರ್ಬೇಕು" ಎನ್ನುತ್ತ ಮನೆಯೆಲ್ಲ ಹುಡುಕಿ, ಒಂದು ಮಧ್ಯಾಹ್ನ ಕಪಾಟಿನಿಂದ ತಮ್ಮ ಎದೆಯ ಹಳೆಯ ಎಕ್ಸ್‌ರೇ ಹಾಳೆ ತೆಗೆದು ಕತ್ತರಿಸಿದರು. ಒಂದು ಬದಿಗೆ ಕೊರಳಿಗೆ ತೂತು, ಅಂಚಿಗೆ ಟೇಪು. ಸೋನಾ ಎರಡು ಸಲ ಬಾಗಿಲಿಗೆ ಡಿಕ್ಕಿ ಹೊಡೆದು, ಆಮೇಲೆ ವೈರಾಗ್ಯ ಬಂದವಳಂತೆ ಹಿತ್ತಲಲ್ಲಿ ಕೂತಳು. ಎರಡೇ ದಿನಕ್ಕೆ ಗಾಯ ಒಣಗತೊಡಗಿತು. ಇವರು ಹೆಮ್ಮೆಯಿಂದ ಅರ್ಧ ಗೇಣು ಎತ್ತರ ಬೆಳೆದರು.

ಇಲ್ಲಿ ನಿಮಗೆ ನಮ್ಮ ಅತ್ತೆಯವರ ಮೊಣಕಾಲನ್ನು ಪರಿಚಯಿಸಬೇಕು. ಅವರ ಮೊಣಕಾಲು ಸವೆದಿದೆ. ಮೂಳೆಯ ಡಾಕ್ಟರು ಒಂದೇ ಹಾಳೆಯಲ್ಲಿ ಎರಡೂ ಮೊಣಕಾಲುಗಳ ಎಕ್ಸ್‌ರೇ ತೆಗೆಸಿ, ದಿನಾ ಸ್ವಲ್ಪ ನಡೆಯಿರಿ ಎಂದರು. ಅತ್ತೆ ನಡೆಯುವುದನ್ನು ಬಿಟ್ಟು ಎಕ್ಸ್‌ರೇ ತೋರಿಸುವುದನ್ನು ಹಿಡಿದರು. ಮನೆಗೆ ಬಂದವರಿಗೆ ನೀರು ಕೊಡುವ ಮೊದಲೇ ಅವರ ಮಂಚದಿಂದ, "ಅದನ್ನಷ್ಟು ತಾರವ್ವ" ಎಂಬ ಅಪ್ಪಣೆ ಬರುತ್ತದೆ. ಬಂದವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಲೊಚಗುಟ್ಟಿ, ಆಮೇಲೆ ಕೂರಬೇಕು. ಗ್ಯಾಸ್ ಸಿಲಿಂಡರ್ ತಂದ ಹುಡುಗನೂ ನೋಡಿದ್ದಾನೆ.

ಆ ವಾರ ಕುಷ್ಟಗಿಯಿಂದ ಅತ್ತೆಯ ತಂಗಿ, ಅಂದರೆ ಇವರ ಚಿಗವ್ವ, ಬರುವವರಿದ್ದರು. ಚಿಗವ್ವನಿಗೆ ಮೊಣಕಾಲಿನ ಆಪರೇಷನ್ನೇ ಆಗಿದೆ. ಒಳಗೆ ಲೋಹದ ಕೀಲಿದೆ. ಅಕ್ಕತಂಗಿಯರ ನಡುವೆ ಬಾಲ್ಯದಿಂದಲೂ ಯಾರ ಜಡೆ ಉದ್ದ, ಯಾರ ಬಂಗಾರ ತೂಕ ಎಂದು ನಡೆದುಬಂದ ಲೆಕ್ಕ ಈಗ ಮೊಣಕಾಲಿಗೆ ಇಳಿದಿತ್ತು. "ಅಕಿ ಏನ್ ಹೇಳ್ತಾಳಂತ ನೋಡೂನು. ಆಪರೇಷನ್ ಆದಾಕಿಗೆ ನೋವು ಹೋಗೈತಿ. ನಂದು ಇನ್ನೂ ಐತಿ!" ಎಂದು ಅತ್ತೆ ನೋವನ್ನು ಆಸ್ತಿಯಂತೆ ಹೇಳಿಕೊಂಡು ಭಾನುವಾರಕ್ಕೆ ಸಿದ್ಧವಾಗುತ್ತಿದ್ದರು. ಆ ಯುದ್ಧಕ್ಕೆ ಅವರಲ್ಲಿದ್ದ ಆಯುಧ ಅದೊಂದೇ ಹಾಳೆ.

ಶನಿವಾರ ಪಕ್ಕದ ಮನೆಯ ಮೆಹಬೂಬ್‌ಬಿ ಹಿತ್ತಲ ಗೋಡೆಯಾಚೆ ಬಟ್ಟೆ ಒಣಹಾಕುತ್ತಿದ್ದರು. ಓಣಿಗೆಲ್ಲ ಅವರು ಖಾಲಾ. ಸೋನಾ ಬಿಸಿಲಿಗೆ ಬೆನ್ನು ಮಾಡಿ ಕೂತಿದ್ದಳು. ಬೆಳಕು ಕೊರಳಪಟ್ಟಿಯೊಳಗಿಂದ ಹಾಯುತ್ತಿತ್ತು. ಖಾಲಾ ಸೀರೆ ಹಿಂಡುವುದನ್ನು ನಿಲ್ಲಿಸಿ ಕತ್ತು ಚಾಚಿದರು.

"ತೌಬಾ! ಇದು ನಿಮ್ಮತ್ತಿ ಮೊಣಕಾಲಲ್ಲೇನ್ರಿ ಬಾಯಾರ?"

"ಅಲ್ರಿ ಖಾಲಾ, ನಮ್ಮ ಮನಿಯವರ ಎದಿ ಅದು."

"ಎದಿಗೆ ಚಿಪ್ಪು ಇರತೈತೇನ್ರಿ? ಎಷ್ಟ್ ಸಲ ನೋಡೇನಿ ನಾನು, ನನಗ ತಿಳಿಯಂಗಿಲ್ಲೇನು? ಇಲ್ನೋಡ್ರಿ, ಬಲಗಾಲಿಂದು, ಎಲುಬಿಗೆ ಸಣ್ಣ ಕೊಂಬು ಬಂದೈತಲ್ಲ. ಎಡಗಾಲಿಂದು ಎಲ್ಲಿ ಹೋತು?"

ಎಡಗಾಲಿನ ಜಾಗದಲ್ಲಿ ಸೋನಾಳ ಕೊರಳಿತ್ತು.

ಇವರನ್ನು ಹಿತ್ತಲಿಗೆ ಕರೆದು ಬಿಸಿಲಿಗೆ ಹಿಡಿದು ತೋರಿಸಿದೆ. "ಚಷ್ಮಾ ಹಾಕ್ಕೊಂಡಿರ್ಲಿಲ್ಲ" ಎಂದರು. ಬಿಚ್ಚಿ ಟೇಪು ಹಚ್ಚಿ ಕೊಟ್ಟುಬಿಡೋಣವೆಂದು ಪಟ್ಟಿ ತೆಗೆದರೆ, ತೂತಿನ ತುಂಡು ಎಂದೋ ಕಸದ ಗಾಡಿ ಹತ್ತಿತ್ತು. ನಾವು ಹುಡುಕುವಷ್ಟರಲ್ಲಿ ಸೋನಾ ಒಣಗಿದ ಗಾಯವನ್ನು ನೆಕ್ಕಿ ಮತ್ತೆ ಹಸಿ ಮಾಡಿದ್ದಳು. ಪಟ್ಟಿ ಕೊರಳಿಗೆ ಮರಳಿತು. ಅತ್ತೆ ಹಿತ್ತಲಿಗೆ ಬರುವುದಿಲ್ಲ, ನಾಯಿಯನ್ನು ಪಡಸಾಲೆಗೆ ಬಿಡದಿದ್ದರಾಯಿತು ಎಂದುಕೊಂಡೆವು. ಅಪರಾಧ ಮಾಡಿದವರೆಲ್ಲ ಹೀಗೇ ಏನೋ ಒಂದು ಅಂದುಕೊಂಡಿರುತ್ತಾರೆ.

ಭಾನುವಾರ ಚಿಗವ್ವ ಬಂದು ಕೂತರು. ಅತ್ತೆ ಸೆರಗು ಸರಿಮಾಡಿಕೊಂಡು, "ಅದನ್ನಷ್ಟು ತಾರವ್ವ" ಎಂದರು. ನಾನು ಇವರ ಮುಖ ನೋಡಿದೆ. ಇವರು ಫ್ಯಾನು ನೋಡಿದರು. ಅಷ್ಟರಲ್ಲಿ ಚಿಗವ್ವನ ಚೀಲದೊಳಗಿನ ಕರದಂಟಿನ ವಾಸನೆ ಹಿಡಿದು, ಹಿತ್ತಲ ಬಾಗಿಲನ್ನು ಕೊರಳಪಟ್ಟಿಯಿಂದಲೇ ಗುದ್ದಿ ತೆರೆದುಕೊಂಡು, ಸೋನಾ ಪಡಸಾಲೆಯ ನಡುವೆ ಬಂದು ನಿಂತಳು. ಚಿಗವ್ವ ಆ ಹಾಳೆಯನ್ನು ಹಿಡಿದು ಬೆಳಕಿಗೆ ತಿರುಗಿಸಿದರು.

"ಅಕ್ಕಾ, ಇದು ನಿನ್ನ ಮೊಣಕಾಲಲ್ಲೇನ?"

ಅತ್ತೆ ನೋಡಿದರು. ನೋಡುತ್ತಲೇ ಇದ್ದರು. ಆಮೇಲೆ ಮಗನ ಕಡೆ ತಿರುಗಿ, "ಭಾಡ್ಯಾ, ಹೆತ್ತ ತಾಯಿ ಕಾಲು ತಗೊಂಡು ನಾಯಿ ಕೊರಳಿಗೆ ಕಟ್ಟಿಯಲ್ಲೋ!" ಎಂದರು.

"ಗೊತ್ತಾಗಲಿಲ್ಲಬೇ ಯವ್ವಾ. ಕಟ್ಟದಿದ್ರ ಗಾಯ ನೆಕ್ಕತೈತಿ. ನೆಕ್ಕಿದಷ್ಟೂ ಅದು ಮಾಯೂದಿಲ್ಲಂತ ಡಾಕ್ಟರ್ ಹೇಳ್ಯಾರ."

ಅತ್ತೆ ಬಾಯಿ ತೆರೆಯುವುದರೊಳಗೆ ಚಿಗವ್ವ ಮಾತು ಕಸಿದುಕೊಂಡರು. "ಹೋಗ್ಲಿ ಬಿಡಕ್ಕ, ನಂದ ನೋಡು" ಎಂದು ಚೀಲದಿಂದ ತಮ್ಮ ದೊಡ್ಡ ಕವರು ತೆಗೆದರು. ಕೀಲು, ಮೊಳೆ, ಎಲ್ಲ ಬೆಳ್ಳಗೆ ಹೊಳೆಯುತ್ತಿದ್ದವು. ಆಸ್ಪತ್ರೆಯ ಬಾಗಿಲಿನಿಂದ ಕಥೆ ಶುರುವಾಯಿತು. ಮೂಗಿಗೆ ಏನು ಹಿಡಿದರು, ನರ್ಸು ಏನೆಂದಳು, ಎಚ್ಚರವಾದಾಗ ಯಾರ ಹೆಸರು ಕರೆದೆ. ಬೇರೆ ದಿನವಾಗಿದ್ದರೆ ಕಥೆ ನರ್ಸಿನ ಹತ್ತಿರ ಬರುವಷ್ಟರಲ್ಲೇ ಅತ್ತೆ ತಮ್ಮ ಹಾಳೆ ಎತ್ತಿ ತಡೆಯುತ್ತಿದ್ದರು. ಇಂದು ಎತ್ತಲು ಏನೂ ಇರಲಿಲ್ಲ. ಜೀವಮಾನದಲ್ಲಿ ಮೊದಲ ಬಾರಿಗೆ ಅವರು ಬೇರೆಯವರ ಮೊಣಕಾಲನ್ನು ಕೊನೆಯವರೆಗೂ ಕೇಳಬೇಕಾಯಿತು. ನಾವೆಲ್ಲ ಇಷ್ಟು ದಿನ ಕೇಳಿದ್ದು ಏನೆಂದು ಅವರಿಗೆ ಆಗ ತಿಳಿದಿರಬೇಕು. ಅವರ ಕಣ್ಣು ಒಮ್ಮೆ ಚಿಗವ್ವನ ಹಾಳೆಯ ಮೇಲೆ, ಒಮ್ಮೆ ಸೋನಾಳ ಕೊರಳಿನ ಮೇಲೆ ಓಡಾಡಿತು.

ಚಿಗವ್ವ ಹೊಲಿಗೆ ಬಿಚ್ಚಿದ ದಿನಕ್ಕೆ ಬಂದಾಗ ಅತ್ತೆ ಮಗನನ್ನು ಕರೆದರು.

"ಲೇ, ಆ ಕತ್ತರಿ ಎಲ್ಲಿ ಐತಿ, ತಾ ಇಲ್ಲಿ. ನಿಮ್ಮ ಚಿಗವ್ವಂದೂ ಒಂದು ಕತ್ತರಿಸಿಬಿಡು. ಇಬ್ಬರೂ ನೆಕ್ಕೂದು ಬಿಡ್ತೀವಿ."

ಚಿಗವ್ವ ತಮ್ಮ ಹಾಳೆಯನ್ನು ಎದೆಗೆ ಅವುಚಿಕೊಂಡರು. ಅಕ್ಕನ ಮುಖ ನೋಡಿದರು, ನಾಯಿಯ ಮುಖ ನೋಡಿದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಅತ್ತೆಯೂ ನಕ್ಕರು. ಕವರು ಚೀಲದೊಳಗೆ ಹೋಯಿತು. ಮೊಣಕಾಲಿನ ಸುದ್ದಿ ಆ ಸಂಜೆ ಮತ್ತೆ ಏಳಲೇ ಇಲ್ಲ. ಅಕ್ಕತಂಗಿಯರು ಕರದಂಟು ಮುರಿದು ತಿನ್ನುತ್ತ, ಕುಷ್ಟಗಿಯ ಸೊಸೆ ರೊಟ್ಟಿಯನ್ನು ಎಷ್ಟು ದಪ್ಪ ಬಡಿಯುತ್ತಾಳೆ, ಗಂಗಾವತಿಯ ಸೊಸೆ ಚಹಾಕ್ಕೆ ಎಷ್ಟು ನೀರು ಸುರಿಯುತ್ತಾಳೆ ಎಂದು, ಒಳಗೆ ಚಹಾ ಸೋಸುತ್ತಿದ್ದ ನನಗೆ ಕೇಳುವಂತೆಯೇ ಮಾತಾಡಿಕೊಂಡರು. ಗಾಯ ನೆಕ್ಕುವುದನ್ನು ಬಿಡಿಸಿದರೆ ಕಚ್ಚಲು ಶುರುಮಾಡುತ್ತಾರೆ ಎಂಬುದನ್ನು ಮಾತ್ರ ಡಾಕ್ಟರು ಫೋನಿನಲ್ಲಿ ಹೇಳಿರಲಿಲ್ಲ.