ಅತ್ತಿಗೆಯ ಕಾಲ್ಗುಣ

ಅತ್ತಿಗೆ ನಮ್ಮ ಜೊತೆ ಇದ್ದದ್ದು ಒಂದೂವರೆ ವರ್ಷ. ಈಗಲೂ ರೇಷ್ಮೆಹುಳ ಸಾಕುವ ಮನೆಯ ಬಾಗಿಲು ತೆರೆದರೆ ಅವಳು ಒಳಗಿರಬಾರದೇ ಅನ್ನಿಸುತ್ತದೆ. ಅಕ್ಕತಂಗಿಯರಿಲ್ಲದ ನಾನು, ಸೋಲೂರು ಕಡೆಯಿಂದ ಅವಳು ಮದುವೆಯಾಗಿ ಬಂದ ವಾರಕ್ಕೇ ಅವಳ ಸೆರಗು ಹಿಡಿದಿದ್ದೆ.

ಕೂಟಗಲ್ ಹತ್ತಿರದ ನಮ್ಮೂರಿನಲ್ಲಿ ಎಲ್ಲರದೂ ರೇಷ್ಮೆಹುಳವೇ. ಅವಳು ಬಂದ ಮೇಲಿನ ಮೊದಲ ಬೆಳೆಯಲ್ಲಿ ಹುಳಗಳು ಕೊನೆಯ ಸಲ ಪೊರೆ ಕಳಚುವ ನಾಲ್ಕನೇ ಜ್ವರ ದಾಟಿದ ಮೇಲೆ ಸತ್ತವು. "ಇವ್ಳ ಕಾಲ್ಗುಣ ಸರಿ ಇಲ್ಲ," ಅಂದಳು ಅವ್ವ. ಎರಡನೆಯ ಬೆಳೆಗೆ, ಹಣ್ಣಾದ ಹುಳ ಬಿಡುವ ಬಿದಿರಿನ ಚಂದ್ರಿಕೆಯ ತುಂಬ ಗೂಡು. ಅದು ಮನೆದೇವರ ದಯೆಯಂತೆ. ಮೂರನೆಯದು ಕೆಟ್ಟಾಗ ತಪ್ಪು ಮತ್ತೆ ಅತ್ತಿಗೆಯ ಪಾಲಿಗೆ ಬಂತು.

ಅದೇ ವರ್ಷ ನಮ್ಮ ಹಿಪ್ಪುನೇರಳೆ ತೋಟದಾಚೆ ಜಲ್ಲಿ ಕ್ರಷರ್ ಕೂಡ ಬಂದಿತ್ತು. ಅದರ ಕಾಲ್ಗುಣವನ್ನು ಯಾರೂ ಕೇಳಲಿಲ್ಲ.

"ಸೊಪ್ಪಿನ ಮೇಲೆ ದೂಳೈತೆ ಅತ್ತೆ, ಒಸಿ ಒರೆಸಿ ಹಾಕಣ," ಅಂದಳು ಅತ್ತಿಗೆ.

"ನೀನು ಮುಟ್ಟದೇ ಇದ್ರೆ ಸಾಕು," ಅಂದಳು ಅವ್ವ.

ಕಾಲೇಜು ಓದುತ್ತಿದ್ದ ನನಗೂ ದೂಳು ಕಾಣುತ್ತಿತ್ತು. ಅವ್ವನ ಬಾಯಿಗೆ ಹೆದರಿ ಸುಮ್ಮನಿದ್ದೆ. ಕೊನೆಗೆ ಅಣ್ಣ ಬೇಸತ್ತು ಅತ್ತಿಗೆಯನ್ನು ಕರೆದುಕೊಂಡು ಅವಳ ತವರೂರಿಗೇ ಹೋದ. ಮುಂದಿನ ಬೆಳೆಯಲ್ಲಿ ಒಂದು ಹುಳವೂ ಉಳಿಯಲಿಲ್ಲ. ಅವ್ವ ಸೋಲುವವಳೇ?

"ಹೋಗ್ತಾ ಹೋಗ್ತಾ ಕಣ್ಣಾಕ್ಬುಟ್ಟು ಹೋದ್ಲು," ಅಂದಳು.

ಅದೇ ವಾರ ಊರಿನ ಅಂಗಡಿಗೆ ಅತ್ತಿಗೆಯ ಫೋನ್ ಬಂತು. ಓಡಿಹೋದೆ.

"ಬೆಳೆ ಹೆಂಗಾಯ್ತು ಕಣಮ್ಮಿ?"

ದೂರದಲ್ಲಿರುವವರಿಗೆ ಫೋನಿನಲ್ಲಿ ಕೆಟ್ಟ ಸುದ್ದಿ ಹೇಳಬಾರದೆನ್ನುವುದು ನಮ್ಮ ಮನೆಯ ರೂಢಿ. "ಚೆನ್ನಾಗಾಯ್ತು ಅತ್ತಿಗೆ," ಅಂದುಬಿಟ್ಟೆ.

"ಹಂಗಾರೆ ಅತ್ತೆ ಹೇಳ್ತಿದ್ದುದು ದಿಟ. ನಾನಿನ್ನು ಆ ಕಡೆ ಬರಲ್ಲ, ನೀವು ಚೆನ್ನಾಗಿರಿ," ಅಂದು ಫೋನಿಟ್ಟಳು.

ರಾತ್ರಿಯೆಲ್ಲ ಅಳುತ್ತಿದ್ದೆ. ಬೆಳಗಿನ ಬಸ್ಸಿಗೇ ಸೋಲೂರಿಗೆ ಹೋಗಿ, ಹುಳವೆಲ್ಲ ಸತ್ತವು, ಫೋನಿನಲ್ಲಿ ಸುಳ್ಳು ಹೇಳಿದೆ, ಮನೆಗೆ ಬಾ ಎಂದು ಕೈ ಹಿಡಿದುಕೊಂಡೆ. ಅತ್ತಿಗೆ ನನ್ನ ಕಣ್ಣು ಒರೆಸಿದಳು.

"ನನ್ನ ಸಮಾಧಾನಕ್ಕೆ ಸುಳ್ಳೇಳಿ ಹುಳಾನೂ ಸಾಯಿಸ್ಬುಟ್ಯಾ? ಬಾ, ಉಣ್ಣು," ಅಂದಳು.